ಪರವಾನಗಿಗೆ ಅಕ್ಕನ ಉತ್ತರ

ಪೊಲೀಸರನ್ನು ತಮ್ಮ ಬಯ್ಯುವಾಗಲೆಲ್ಲ ಅಕ್ಕ ಹೂಂಗುಟ್ಟುತ್ತಿದ್ದಳು. ಹೂಂಗುಟ್ಟುವುದು ಸುಳ್ಳು ಹೇಳಿದಂತಲ್ಲ ಎಂದು ಮೂರು ತಿಂಗಳಿಂದ ತನಗೆ ತಾನೇ ಸಮಾಧಾನ ಹೇಳಿಕೊಂಡೂ ಇದ್ದಳು.

ತಮ್ಮನದು ಗಡಿಯಾರ ರಿಪೇರಿ ಅಂಗಡಿ. ಅಕ್ಕನದು ಅದೇ ಬೀದಿಯಲ್ಲಿ ನಾಲ್ಕು ಬಾಗಿಲು ಈಚೆಗೆ ಔಷಧದ ಅಂಗಡಿ. ಕಳೆದ ವರ್ಷ ಒಂದು ಸಂಜೆ, ಬಾಗಿಲು ಹಾಕುವ ಹೊತ್ತಿಗೆ ಇಬ್ಬರು ತಮ್ಮನ ಅಂಗಡಿಗೆ ನುಗ್ಗಿ, ಅವನ ಮುಖವನ್ನು ಗಾಜಿನ ಮೇಜಿಗೆ ಒತ್ತಿ, ಕುತ್ತಿಗೆಗೆ ಚಾಕು ಹಿಡಿದು, ರಿಪೇರಿಗೆ ಬಂದಿದ್ದ ಗಡಿಯಾರಗಳನ್ನೆಲ್ಲ ಬಾಚಿಕೊಂಡು ಹೋಗಿದ್ದರು. ಗಾಯ ಎಂದರೆ ಕೆನ್ನೆ ತರಚಿದ್ದು, ಅಷ್ಟೇ. ಅಕ್ಕನೇ ಔಷಧಿ ಹಚ್ಚಿದ್ದಳು, ವಾರದಲ್ಲಿ ಮಾಯಿತು. ಅದಾದ ಮೇಲೆ ಅವನು ಪಿಸ್ತೂಲು ಇಟ್ಟುಕೊಂಡು ಓಡಾಡಲು ಪರವಾನಗಿ ಬೇಕೆಂದು ಠಾಣೆಗೆ ಅರ್ಜಿ ಹಾಕಿದ. ತೊಂಬತ್ತು ದಿನಗಳೊಳಗೆ ಹೌದೋ ಅಲ್ಲವೋ ಹೇಳುತ್ತೇವೆಂದು ರಸೀದಿಯ ಹಿಂದೆ ಅಚ್ಚು ಹಾಕಿತ್ತು. ಈಗ ಏಳನೆಯ ತಿಂಗಳು.

ಪರವಾನಗಿಯ ಕಿಟಕಿ ತೆರೆಯುವುದು ಮಂಗಳವಾರ ಮತ್ತು ಗುರುವಾರ, ಹತ್ತರಿಂದ ಒಂದರವರೆಗೆ. ಪ್ರತಿ ಮಂಗಳವಾರ ತಮ್ಮ ಅಲ್ಲಿಗೆ ಹೋಗಿ, ಬರುವ ದಾರಿಯಲ್ಲಿ ಅಕ್ಕನ ಅಂಗಡಿಗೆ ಹತ್ತಿ, ಎದೆಯ ಭಾರ ಇಳಿಸಿ ಹೋಗುತ್ತಿದ್ದ.

"ಇವತ್ತೂ ಅದೇ ರಾಗ, ಅಕ್ಕ. ಪರಿಶೀಲನೆಯಲ್ಲಿದೆಯಂತೆ. ಅಷ್ಟು ದಿನ ಪರಿಶೀಲನೆ ಮಾಡಿದ್ರೆ ಕಾಗದ ಸವೆದು ತೂತು ಬಿದ್ದಿರ್ಬೇಕು."

"ಕೂತ್ಕೋ. ನೀರು ಕುಡಿ."

"ನೀರು ಅಲ್ಲೂ ಕುಡಿಸ್ತಾರೆ. ನೀರಿಳಿಸಿದ್ದೂ ಆಯ್ತು."

ಅಕ್ಕ ನಗುತ್ತಿದ್ದಳು. ನಗುವಾಗ ಅವಳ ಕಣ್ಣು ಮಾತ್ರ ಅವನ ಕೈಗಳ ಮೇಲೆ ಇರುತ್ತಿತ್ತು. ಲೋಟವನ್ನು ಅವನು ಎರಡೂ ಕೈಯಲ್ಲಿ ಹಿಡಿಯುವುದನ್ನು ಮನೆಯಲ್ಲಿ ಬೇರೆ ಯಾರೂ ಗಮನಿಸಿರಲಿಲ್ಲ. ಹಿಂದೆಲ್ಲ ಸಾಸಿವೆಗಿಂತ ಸಣ್ಣ ಮೊಳೆಯನ್ನು ಚಿಮಟದಲ್ಲಿ ಎತ್ತಿ ಉಸಿರು ಬಿಡದೆ ಕೂರಿಸುತ್ತಿದ್ದ ಕೈ ಅದು. ಈಗ ಅವನು ಸೆಲ್ಲು ಬದಲಿಸುತ್ತಿದ್ದ, ಬೆಲ್ಟು ಹಾಕಿಕೊಡುತ್ತಿದ್ದ. ಬಿಚ್ಚಿ ಜೋಡಿಸುವ ಕೆಲಸ ಬಂದರೆ "ಹತ್ತು ದಿನ ಬಿಟ್ಟು ಬನ್ನಿ" ಎನ್ನುತ್ತಿದ್ದ. ಆ ಹತ್ತು ದಿನ ಯಾರಿಗೂ ಮುಗಿಯುತ್ತಿರಲಿಲ್ಲ.

ಅರ್ಜಿಯಲ್ಲಿ ತನ್ನನ್ನು ಚೆನ್ನಾಗಿ ಬಲ್ಲ ಇಬ್ಬರ ಹೆಸರು ಕೊಡಬೇಕಿತ್ತು. ಒಬ್ಬರು ಅವನಿಗೆ ಪಾಠ ಹೇಳಿದ್ದ ಮೇಷ್ಟ್ರು. ಅವರ ಉತ್ತರ ಹೋಗಿ ಯಾವ ಕಾಲವೋ ಆಗಿತ್ತು. ಇನ್ನೊಬ್ಬಳು ಅಕ್ಕ. ಠಾಣೆಯಿಂದ ಅವಳಿಗೆ ಲಕೋಟೆ ಬಂದು ಮೂರು ತಿಂಗಳಾಗಿತ್ತು. ಒಳಗೆ ಏಳು ಪ್ರಶ್ನೆ. ಆರಕ್ಕೆ ಉತ್ತರ ಸುಲಭ: ಎಷ್ಟು ವರ್ಷದಿಂದ ಪರಿಚಯ, ಕುಡಿತ ಉಂಟೇ, ಜಗಳಗಂಟನೇ, ಹೀಗೆ. ಏಳನೆಯದು: "ಅರ್ಜಿದಾರರ ಕೈಯಲ್ಲಿ ಆಯುಧವಿದ್ದರೆ ಅವರಿಗಾಗಲಿ ಬೇರೆಯವರಿಗಾಗಲಿ ಅಪಾಯವಾಗಬಹುದು ಎನ್ನಿಸುವಂಥ ಯಾವುದಾದರೂ ಸಂಗತಿಯನ್ನು ನೀವು ಕಂಡಿದ್ದೀರಾ?" ಅದರ ಕೆಳಗೆ ಎರಡು ಖಾಲಿ ಗೆರೆ.

ಅಕ್ಕ ಕಂಡಿದ್ದಳು. ಕಳ್ಳತನವಾಗಿ ಎರಡು ತಿಂಗಳಿಗೆ, ಅವಳ ಮಗಳು ಮಾವನಿಗೆ ಊಟದ ಡಬ್ಬಿ ಹಿಡಿದು ಅಂಗಡಿಯ ಹಿಂಬಾಗಿಲಿನಿಂದ ಒಳಹೋದಳು. ಅಕ್ಕ ಮುಂಬಾಗಿಲಲ್ಲಿ ಇದ್ದಳು. ಬಾಗಿಲು ಕಿರುಗುಟ್ಟಿದ್ದೇ ತಡ, ಕುರ್ಚಿಯಿಂದ ಎಗರಿ ತಮ್ಮ ತಿರುಗಿದ. ಅವನ ಮುಷ್ಟಿ ಹುಡುಗಿಯ ಕಣ್ಣಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಮುಷ್ಟಿಯೊಳಗೆ ಒಂದು ಮೊನಚಾದ ಉಪಕರಣ. "ಮಾವಾ, ನಾನು! ಊಟ ಬೇಡ ಅಂದ್ರೆ ಬಾಯಲ್ಲಿ ಹೇಳು!" ಎಂದು ಹುಡುಗಿ ನಕ್ಕುಬಿಟ್ಟಳು. ಅವನೂ ನಕ್ಕ. ಆ ಮಾತು ಅಲ್ಲಿಗೇ ಮುಗಿಯಿತು. ಆದರೆ ಆ ಗೇಣು ಅಕ್ಕನ ಕಣ್ಣಿನಿಂದ ಹೋಗಲಿಲ್ಲ. ಅದೇ ಜಾಗದಲ್ಲಿ ಪಿಸ್ತೂಲಿದ್ದರೆ ಎಂದು ಅವಳು ಎಷ್ಟು ಸಲ ಅಳೆದಿದ್ದಳೋ.

ಬರೆದರೆ ತಮ್ಮನಿಗೆ ದ್ರೋಹ. ಬರೆಯದೆ ಸಹಿ ಹಾಕಿದರೆ ಮಗಳಿಗೆ. ಅವಳು ಎರಡನ್ನೂ ಮಾಡದೆ ಲಕೋಟೆಯನ್ನು ಅವಧಿ ಮುಗಿದ ಔಷಧಗಳನ್ನು ವಾಪಸು ಕಳಿಸಲು ತುಂಬಿಡುವ ರಟ್ಟಿನ ಡಬ್ಬದಲ್ಲಿ ಇಟ್ಟಳು. ಹೇಗೂ ಪೊಲೀಸರದು ಆಮೆಯ ನಡಿಗೆ. ಅವರ ತಡದೊಳಗೆ ತನ್ನ ತಡವೂ ಕರಗಿಹೋಗುತ್ತದೆ ಎಂದುಕೊಂಡಳು.

ಆ ಮಂಗಳವಾರ ತಮ್ಮ ಬಂದಾಗ ಅವನ ಮುಖ ಕೆಂಪಾಗಿತ್ತು.

"ಈಗ ಬಾಯಿ ಬಿಟ್ಟಿದ್ದಾಳೆ ಅಕ್ಕ, ಆ ಕಿಟಕಿಯೋಳು. ನಿನ್ನ ಉತ್ತರ ಬಂದಿಲ್ಲವಂತೆ! ಬಂದ ದಿನವೇ ನಮ್ಮಕ್ಕ ಕಳಿಸಿರ್ತಾಳೆ, ನೀನೇ ಎಲ್ಲೋ ಬಿಸಾಕಿದ್ದೀಯ ಅಂತ ಎಲ್ಲರ ಮುಂದೆ ಉಗಿದು ಬಂದೆ."

ಅಕ್ಕನ ಕೈಯಲ್ಲಿದ್ದ ಮಾತ್ರೆಯ ಹಾಳೆ ನೆಲಕ್ಕೆ ಬಿತ್ತು. "ಉಗಿಯೋದು ಯಾಕೋ?"

"ಉಗಿಯೋದಷ್ಟೇ ಅಲ್ಲ. ವಕೀಲರ ಹತ್ರ ಬರೆಸಿದ್ದೀನಿ. ಗುಮಾಸ್ತೆಯ ಅಜಾಗರೂಕತೆಯಿಂದ ಕಾಗದ ಕಳೆದಿದೆ ಅಂತ ಅವಳ ಹೆಸರು ಹಾಕಿಯೇ ದೂರು. ಶುಕ್ರವಾರ ಮೇಲಿನವರಿಗೆ ಕೊಡ್ತೀನಿ. ನೀನು ಕಳಿಸಿದ ತಾರೀಖು ಒಂದು ಹೇಳು."

"ನೋಡಿ ಹೇಳ್ತೀನಿ," ಎಂದಳು ಅಕ್ಕ. ಮೂರು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಸುಳ್ಳು ಅದು.

ಗುರುವಾರ ಅಂಗಡಿಗೆ ಬೀಗ ಹಾಕಿ ಅವಳು ಠಾಣೆಗೆ ಹೋದಳು. ಲಕೋಟೆ ಕೈಚೀಲದಲ್ಲಿತ್ತು. ಪರವಾನಗಿಯ ಕೋಣೆ ಮೆಟ್ಟಿಲ ಕೆಳಗಿತ್ತು. ಎರಡು ಮೇಜು, ಒಂದರ ಮುಂದೆ ಗುಮಾಸ್ತೆ, ಇನ್ನೊಂದರ ಕುರ್ಚಿಯ ಮೇಲೆ ಮನುಷ್ಯನ ಬದಲು ಫೈಲುಗಳು ಕೂತಿದ್ದವು. ಗೋಡೆಗೆ ತಿಂಗಳ ಪ್ರಕಾರ ಅರ್ಜಿಗಳ ಕಟ್ಟು. ಕಿಟಕಿಯ ಕಡೆಯ ಕಟ್ಟುಗಳು ಬಿಸಿಲಿಗೆ ಹಳದಿ ತಿರುಗಿದ್ದವು.

ಅವಳ ಮುಂದೆ ಒಬ್ಬ ಮುದುಕ ನಿಂತಿದ್ದ. "ಅಮ್ಮಾ, ನಾನು ಇರೋವಾಗ್ಲೇ ಕೊಡ್ತೀರೋ ಹೇಗೆ?"

"ನಾನು ರಿಟೈರ್ ಆಗೋದ್ರೊಳಗೆ ಕೊಡ್ತೀನಿ, ಅಜ್ಜ."

"ಅದು ಯಾವಾಗ?"

"ಇನ್ನೂ ಹದಿನೆಂಟು ವರ್ಷ ಇದೆ."

ಮುದುಕ ನಗುತ್ತಲೇ ಬೈದುಕೊಂಡು ಹೋದ. ಅಕ್ಕ ತಮ್ಮನ ಅರ್ಜಿಯ ಸಂಖ್ಯೆ ಹೇಳಿದಳು. ಗುಮಾಸ್ತೆ ಕನ್ನಡಕ ಹಣೆಗೇರಿಸಿದಳು. ಅವಳ ಕಣ್ಣ ಕೆಳಗೆ ಕಪ್ಪಿತ್ತು.

"ಗಡಿಯಾರದವರ ಅಕ್ಕನಾ? ನೋಡಿ, ನಿಮ್ಮ ಕಾಗದ ಫೈಲಲ್ಲಿ ಇಲ್ಲ ಅಂತ ಹೋದ ವಾರವೇ ಗೊತ್ತಾಗಿ, ಭಾನುವಾರ ರಜೆ ದಿನವೂ ಬಂದು ಹುಡುಕಿದೆ. ನಿನ್ನೆ ಬೀರು ಎಳೆಸಿ ಹಿಂದೆ ನೋಡಿದೆ. ಬೇರೆಯವರ ಫೈಲೊಳಗೂ ನೋಡಿದೆ. ಸಿಗಲಿಲ್ಲ. ಒಬ್ಬಳೇ ಇದ್ದೀನಿ, ಎಲ್ಲೋ ನನ್ನ ಕೈ ತಪ್ಪಿರಬೇಕು." ಅವಳು ದನಿ ತಗ್ಗಿಸಿದಳು. "ಹೊಸ ಫಾರಂ ಕೊಡ್ತೀನಿ. ಇಲ್ಲೇ ತುಂಬಿ, ತಾರೀಖು ಹಳೇದು ಹಾಕಿಬಿಡಿ. ನಿಮಗೂ ಒಳ್ಳೇದು, ನನಗೂ ಒಳ್ಳೇದು. ದೂರು ಕೊಡ್ತಾರಂತೆ ನಿಮ್ಮ ತಮ್ಮ."

ಬಚಾವಾಗಲು ಬಾಗಿಲು ತಾನಾಗಿ ತೆರೆದಿತ್ತು. ಒಂದು ಸಹಿ ಸಾಕಿತ್ತು. ಗುಮಾಸ್ತೆ ಆಗಲೇ ಫಾರಂ ತೆಗೆದು ಅವಳ ಕಡೆ ತಿರುಗಿಸಿ ಇಟ್ಟಿದ್ದಳು.

"ನಿಮ್ಮ ಕೈ ತಪ್ಪಿಲ್ಲ," ಎಂದಳು ಅಕ್ಕ. "ನಾನು ಕಳಿಸೇ ಇಲ್ಲ." ಲಕೋಟೆ ತೆಗೆದು ಮೇಜಿನ ಮೇಲೆ ಇಟ್ಟಳು.

ಗುಮಾಸ್ತೆ ಅದನ್ನು ಬಿಚ್ಚಿ ನೋಡಿದಳು. ಏಳೂ ಖಾಲಿ. "ಭಾನುವಾರ ರೀ!" ಎಂದಳು ಕೊನೆಗೆ. "ನನ್ನ ಮಗನ ಆಟದ ಪಂದ್ಯ ಇತ್ತು. ಹೋಗಲಿಲ್ಲ ನಾನು."

ಅಕ್ಕನಿಗೆ ತಲೆ ಎತ್ತಲಾಗಲಿಲ್ಲ.

"ಕೊಡಬಾರದು ಅಂತಲಾ ನಿಮ್ಮ ಅಭಿಪ್ರಾಯ?"

"ಅಷ್ಟು ಖಂಡಿತವಾಗಿ ಹೇಳೋಕೆ ನನಗೆ ಗೊತ್ತಾಗ್ತಿಲ್ಲ. ಅವನಿಗೆ ಭಯ ಇರೋದು ನಿಜ. ನನಗೆ ಭಯ ಇರೋದೂ ನಿಜ."

ಗುಮಾಸ್ತೆ ತಮ್ಮನ ಫೈಲು ಬಿಚ್ಚಿ ಮೂರು ಹಾಳೆ ಪಕ್ಕಪಕ್ಕ ಇಟ್ಟಳು. ಮೂರರಲ್ಲೂ ತಮ್ಮನ ಸಹಿ. ಮೂರು ಬೇರೆ ಬೇರೆ ಮನುಷ್ಯರು ಹಾಕಿದಂತಿತ್ತು.

"ಅವರ ಕೈ ನಾನೂ ನೋಡಿದ್ದೀನಿ. ಆದರೆ ಅದನ್ನ ಬರೆಯೋಕೆ ನನ್ನ ಫಾರಂನಲ್ಲಿ ಜಾಗ ಇಲ್ಲ. ನನ್ನನ್ನ ಯಾರೂ ಕೇಳಿಲ್ಲ. ನಿಮ್ಮನ್ನ ಕೇಳಿದ್ದಾರೆ." ಅವಳು ಹಾಳೆ ಜೋಡಿಸಿಟ್ಟಳು. "ನಾವು ತಡ ಮಾಡೋದು ಕೈ ಸಾಲದೆ. ನೀವು ಹೌದು ಅಂದ್ರೂ ಸರಿ, ಅಲ್ಲ ಅಂದ್ರೂ ಸರಿ, ಫೈಲು ಇಲ್ಲಿಂದ ಏಳುತ್ತೆ. ಏನೂ ಅನ್ನದಿದ್ರೆ ಇಲ್ಲೇ ಕೂತಿರುತ್ತೆ, ಅವರು ನನ್ನ ಬೈತಾನೇ ಇರ್ತಾರೆ."

ಅಕ್ಕ ಫಾರಂ ಮಡಚಿಕೊಂಡಳು. "ಒಂದು ಗಂಟೆಯೊಳಗೆ ತರ್ತೀನಿ. ಅವನಿಗೆ ಹೇಳದೆ ಬರೆಯೋಕೆ ಆಗಲ್ಲ."

ಅಂಗಡಿಯಲ್ಲಿ ತಮ್ಮ, ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು, ಯಾರದೋ ಗೋಡೆ ಗಡಿಯಾರದ ಧೂಳು ಒರೆಸುತ್ತಿದ್ದ. ಅಕ್ಕ ಬೀದಿಯಿಂದಲೇ "ನಾನು ಕಣೋ" ಎಂದು ಕೂಗಿ ಒಳಗೆ ಬಂದಳು. ಮಗಳು ಊಟದ ಡಬ್ಬಿ ತಂದಿದ್ದ ಆ ಮಧ್ಯಾಹ್ನದಿಂದ ಈಚೆಗೆ ಅವಳು ಹಾಗೆ ಕೂಗದೆ ಬಂದದ್ದೇ ಇಲ್ಲ. ಫಾರಮನ್ನು ಅವನ ಮುಂದೆ ಹರಡಿದಳು.

"ಆ ಹೆಂಗಸು ಕಳೆದಿಲ್ಲ. ಮೂರು ತಿಂಗಳಿಂದ ನನ್ನ ಹತ್ರಾನೇ ಇತ್ತು."

ಅವನು ಲೆನ್ಸು ತೆಗೆದ. ಒಂದೊಂದೇ ಪ್ರಶ್ನೆ ಓದಿದ. ಏಳನೆಯದನ್ನು ಎರಡು ಸಲ ಓದಿದ.

"ಪ್ರತಿ ಮಂಗಳವಾರ ನನ್ನ ಕೂರಿಸಿ ನೀರು ಕೊಟ್ಟೆಯಲ್ಲ."

"ಹೂಂ."

"ಹೂಂ ಅನ್ನಬೇಡ!" ಅವನು ಮೇಜು ಗುದ್ದಿದ. ಗಡಿಯಾರದ ಮುಳ್ಳು ಅದುರಿತು. "ಏಳು ಗಂಟೆಗೆ ಬಾಗಿಲು ಹಾಕಿ ಮನೆ ಕಡೆಯ ಆ ಓಣಿಯಲ್ಲಿ ನಡೆಯೋದು ನಾನು. ಹೆಜ್ಜೆ ಸದ್ದು ಕೇಳಿದ್ರೆ ನನಗೆ ಏನಾಗುತ್ತೆ ಅಂತ ನಿನಗೆ ಗೊತ್ತಾ?"

"ಗೊತ್ತು. ಬಾಗಿಲ ಸದ್ದಿಗೆ ಏನಾಗುತ್ತೆ ಅಂತ ನೋಡಿದ್ದೀನಲ್ಲ."

ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಅವನ ಭುಜ ಎದ್ದು ಇಳಿಯಿತು. ತಾನು ಬೆಚ್ಚಿದ್ದನ್ನು ಅಕ್ಕ ನೋಡಿದಳೆಂದು ಅವನಿಗೂ ತಿಳಿಯಿತು.

ಅಕ್ಕ ಪೆನ್ನು ತೆಗೆದಳು. ಆರು ಉತ್ತರ ಬೇಗ ಮುಗಿದವು. ಏಳನೆಯದನ್ನು ಬರೆಯುತ್ತ, ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳಿದಳು: "ಕಳ್ಳತನದ ನಂತರ ಕೈ ನಡುಗುತ್ತದೆ. ಸದ್ದಿಗೆ ಬೆಚ್ಚುತ್ತಾನೆ. ಒಮ್ಮೆ ನನ್ನ ಮಗಳು ಹಿಂಬಾಗಿಲಿನಿಂದ ಬಂದಾಗ, ಗುರುತು ಹಿಡಿಯುವ ಮೊದಲೇ, ಸ್ಕ್ರೂಡ್ರೈವರ್ ಎತ್ತಿ..."

"ಸ್ಕ್ರೂಡ್ರೈವರ್ ಅಲ್ಲ," ಎಂದ ತಮ್ಮ.

ಅಕ್ಕನ ಪೆನ್ನು ನಿಂತಿತು.

"ಚಿಮಟ. ಎಲ್ಲಕ್ಕಿಂತ ಚೂಪಾದದ್ದು." ಅವನು ಖಾನೆ ಎಳೆದು ಅದನ್ನು ಹೊರತೆಗೆದು ಫಾರಂ ಪಕ್ಕದಲ್ಲಿ ಇಟ್ಟ. "ಆಮೇಲೆ ಇದನ್ನ ಮುಟ್ಟಿಲ್ಲ. ಸರಿಯಾಗಿ ಬರಿ."

ಅವಳು ಹೊಡೆದು ಹಾಕಿ, ಚಿಮಟ ಎಂದು ಬರೆದಳು. ಎರಡು ಗೆರೆ ಸಾಲಲಿಲ್ಲ; ಅಂಚಿಗೂ ಬರೆದಳು. ಸಹಿ ಹಾಕಿ, ಇವತ್ತಿನ ತಾರೀಖು ಹಾಕಿದಳು.

"ಇದನ್ನ ಓದಿದ ಮೇಲೂ ಇಲ್ಲ ಅನ್ನೋಕೆ ಅವರಿಗೆ ಇನ್ನೂ ಆರು ತಿಂಗಳು ಬೇಕು, ನೋಡ್ತಿರು," ಎಂದ ತಮ್ಮ. ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಆದರೆ ಓಣಿ ಅಲ್ಲೇ ಇರುತ್ತಲ್ಲ, ಅಕ್ಕ."

"ಇರುತ್ತೆ. ಏಳು ಗಂಟೆಗೆ ನನ್ನ ಅಂಗಡಿಯೂ ಮುಚ್ಚುತ್ತೆ. ಜೊತೆಗೆ ಹೋಗೋಣ."

"ನೀನು ಬಂದು ಏನು ಮಾಡ್ತೀಯ, ಕೆಮ್ಮಿನ ಔಷಧಿ ಎರಚ್ತೀಯಾ?"

"ನೀನು ಮುಂದೆ ನೋಡು. ಹಿಂದೆ ನೋಡೋ ಕೆಲಸ ನನಗೆ ಬಿಡು. ಹೇಗೂ ನನಗೆ ಅದೇ ಅಭ್ಯಾಸ."

ಅವನು ನಗಲಿಲ್ಲ. ವಕೀಲರು ಬರೆದುಕೊಟ್ಟಿದ್ದ ದೂರನ್ನು ಜೇಬಿನಿಂದ ತೆಗೆದು, ನಾಲ್ಕಾಗಿ ಮಡಚಿ, ಮೇಜಿನ ಅಲುಗುವ ಕಾಲಿನ ಕೆಳಗೆ ಕೊಟ್ಟ. ಆಮೇಲೆ ಹೊರಗೆ ತೂಗುಹಾಕಿದ್ದ ಫಲಕವನ್ನು 'ಮುಚ್ಚಿದೆ' ಎಂಬ ಕಡೆಗೆ ತಿರುಗಿಸಿ ಬಂದ.

"ನಡಿ. ಒಂದು ಗಂಟೆಗೆ ಕಿಟಕಿ ಮುಚ್ಚಿಬಿಡ್ತಾಳೆ. ಆ ಹೆಂಗಸಿಗೆ ನಾನೂ ಒಂದು ಮಾತು ಹೇಳೋದಿದೆ."