ಕಡೆಯ ಚೈನು

ಅಹ್ಮದಸಾಬ ಗರಗಸದ ಮಷೀನಿನಿಂದ ನೆಲಮಟ್ಟಕ್ಕೆ ಕೊಯ್ದು ಕೆಡವಿದ ಹುಣಸೆಮರ, ಹಾಳಾದ್ದು, ಎಣಿಸಿದ ಕಡೆ ಬೀಳಲಿಲ್ಲ. ಹೊಲದ ಒಡೆಯ ಹುಲ್ಲಪ್ಪನ ಎರಡೂ ಕಾಲು ಬೊಡ್ಡೆಯಡಿ ಸಿಕ್ಕಿಕೊಂಡವು. ಬೊಡ್ಡೆ ತುಂಡರಿಸದೆ ಗತಿಯಿರಲಿಲ್ಲ. ಗೇಣುದ್ದ ಕೊರೆಯುವಷ್ಟರಲ್ಲಿ ಕಿಡಿ ಹಾರಿ, ಮಷೀನಿನ ಚೈನು ಫಟ್ಟನೆ ಹರಿಯಿತು. ಮರದೊಳಗೆ ಕಬ್ಬಿಣದ ಮೊಳೆಯಿತ್ತು. ಇನ್ನು ಉಳಿದದ್ದು ಒಂದೇ ಚೈನು.

"ಯಾವ ಖೋಡಿ ಹೊಡದಾನ ಇದನ್ನ?" ಅಹ್ಮದಸಾಬ ಚೀರಿದ.

"ನಾನ," ಹುಲ್ಲಪ್ಪ ನರಳಿದ. "ಸತ್ತ ಹೆಂಡ್ತಿ ದೆವ್ವಾಗಿ ಕಾಡ್ತಿದ್ಲು. ಮೊಳಿ ಬಡದು ಈ ಗಿಡಕ್ಕ ಕಟ್ಟೇನಿ."

ಅಹ್ಮದಸಾಬ ಕಡೆಯ ಚೈನು ಏರಿಸಿದ. "ಮೊಳಿ ಇಲ್ಲದ ಜಾಗಾ ತೋರಸಪಾ. ಅಲ್ಲೇ ಕೊಯ್ತೇನಿ."

ಹುಲ್ಲಪ್ಪ ಕಣ್ಣು ಮುಚ್ಚಿದ. "ಹನ್ನೊಂದು ವರ್ಷ, ಅಮಾಸಿಗೊಂದು ಬಡದೇನಿ. ಆಕಿ ಹೊರಗ ಬರಬಾರದಂತ ಒಂದ್ ಗೇಣೂ ಬಿಟ್ಟಿಲ್ಲೋ ಅಣ್ಣಾ."