‘ಅವ್ರು’ ಎಂದು ಒತ್ತಿದರೆ

ಸ್ಪೇಸ್ ಒತ್ತಿದೊಡನೆ ಪರದೆಯ ಮೇಲೆ ಗಂಡನ ಹೆಸರು ಮೂಡಿತು. ನೀಲಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂತಳು. ಕಾಳಿ ಹೊಳೆಯಿಂದೆದ್ದ ಮಂಜು ಅಂಬೇವಾಡಿಯ ಆ ಕಚೇರಿಯ ಕಿಟಕಿಗೆ ಬಂದು ನಿಂತಿತ್ತು. ಬೀದಿಯಾಗಲಿ, ಎದುರಿನ ಚಹಾದಂಗಡಿಯಾಗಲಿ ಕಾಣುತ್ತಿರಲಿಲ್ಲ. ಲೋಕದಲ್ಲಿ ಉಳಿದದ್ದು ಹೆಸರೊಂದೇ ಅನ್ನುವ ಹಾಗಿತ್ತು. ಶಿವಲಿಂಗ ಗೂಳಪ್ಪ ಅಂಗಡಿ.

ಕಾಗದದ ಕಾರ್ಖಾನೆಗೆ ಆಳು ಒದಗಿಸುವ ಗುತ್ತಿಗೆದಾರರ ಕಚೇರಿ ಅದು. ವಾರವಾರವೂ ಎಕ್ಸೆಲ್‌ನಲ್ಲಿ ಪಾಳಿಪಟ್ಟಿ ತಯಾರಿಸುವುದು ನೀಲಕ್ಕನ ಕೆಲಸ. ಕಟ್ಟಿಗೆ ಯಾರ್ಡಿನ ಆಳಾಗಿ ಗಂಡನೂ ಅದೇ ಪಟ್ಟಿಯಲ್ಲಿದ್ದ. ನೀಲಕ್ಕನೋ ಧಾರವಾಡದ ಕಡೆಯವಳು, ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಮದುವೆಯಲ್ಲಿ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಸೇರಿಸಿ ಒಡಪು ಹೇಳಿಸಿದಾಗ ನಾಚಿ ನೀರಾದದ್ದೇ ಮೊದಲು, ಅದೇ ಕೊನೆ. ಬಾಯಿಗೆ ಬಾರದ್ದು ಬೆರಳಿಗೂ ಬರಲಿಲ್ಲ. ಸಾಲದ್ದಕ್ಕೆ ಅದರೊಳಗೆ ಮಾವನ ಹೆಸರು ಬೇರೆ.

ಮೊದಮೊದಲು ಪಕ್ಕದ ಮೇಜಿನ ಸುಭಾಷನೇ ಆ ಸಾಲು ತುಂಬಿಕೊಡುತ್ತಿದ್ದ. ಒಂದು ದಿನ ಬೇಸತ್ತು ಆಟೋಕರೆಕ್ಟ್ ತೆರೆದು, ಎಡಗಡೆ ‘ಅವ್ರು’ ಎಂದೂ ಬಲಗಡೆ ಪೂರ್ತಿ ಹೆಸರನ್ನೂ ಬರೆದಿಟ್ಟ. ಆಮೇಲೆ ನೀಲಕ್ಕ ‘ಅವ್ರು’ ಎಂದು ಒತ್ತಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರೇ ಹೇಳುತ್ತಿತ್ತು. ಈ ಸಂಗತಿ ಕೇಳಿ ಶಿವಲಿಂಗ ಉಣ್ಣುತ್ತಿದ್ದ ತಾಟು ಪಕ್ಕಕ್ಕಿಟ್ಟು ನಕ್ಕಿದ್ದ.

ಹೋದ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವನು ಏಳಲೇ ಇಲ್ಲ. ಪಾಳಿಪಟ್ಟಿಯಿಂದ ಹೆಸರು ಹೋಯಿತು, ಕಂಪ್ಯೂಟರಿನೊಳಗಿನಿಂದ ಹೋಗಲಿಲ್ಲ. ದಿನಾ ಬೆಳಿಗ್ಗೆ ಯಾರೂ ಬರುವ ಮುಂಚೆ ಖಾಲಿ ಹಾಳೆ ತೆರೆದು ನೀಲಕ್ಕ ಅವನನ್ನು ಬರಮಾಡಿಕೊಳ್ಳುವಳು, ಕಣ್ತುಂಬ ನೋಡಿ ಅಳಿಸುವಳು. ಅಷ್ಟಾದರೆ ಅವಳಿಗೆ ಆ ದಿನ ದೂಡುವ ಬಲ ಬರುತ್ತಿತ್ತು.

ಆದರೆ ಹಿಂದಿನ ವಾರ ಎಡವಟ್ಟಾಗಿತ್ತು. ಖಾಲಿ ಹಾಳೆಯೆಂದುಕೊಂಡು ಪಾಳಿಪಟ್ಟಿಯಲ್ಲೇ ಒತ್ತಿದ್ದಳು. ಅಷ್ಟರಲ್ಲಿ ಫೋನು ಬಂತು, ಅಳಿಸಲು ಮರೆತಳು. ಸತ್ತವನ ಹೆಸರು ಎರಡನೇ ಪಾಳಿಯ ಕೆಳಗೆ ಅಚ್ಚಾಗಿ ಯಾರ್ಡಿನ ಬೋರ್ಡಿಗೇರಿತು.

ಈಗ ಹೊರಗೆ ಚಪ್ಪಲಿ ಸದ್ದಾಯಿತು. ನೀಲಕ್ಕ ಅವಸರದಲ್ಲಿ ಹೆಸರು ಅಳಿಸಿದಳು. ಸುಭಾಷನ ಹಿಂದೆಯೇ ಯಾರ್ಡಿನ ಸೂಪರ್‌ವೈಸರ್ ಮಹಾಬಳೇಶ್ವರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಅವರು ಹೇಳಿದ ಪ್ರಕಾರ, ಬೋರ್ಡು ನೋಡಿದ ಮಂದಿ ಆ ಹೆಸರಿಗೆ ಕೈ ಹಚ್ಚಲಿಲ್ಲವಂತೆ. ಬದಲಿ ಆಳು ಕೇಳದೆ ಅವನ ಪಾಲಿನ ಕಟ್ಟಿಗೆಯನ್ನೂ ವಾರವಿಡೀ ತಾವೇ ಹಂಚಿಕೊಂಡು ಹೊತ್ತರಂತೆ. ಚಹಾ ಬಂದಾಗ ಒಂದು ಲೋಟ ತೆಗೆದಿಡುತ್ತಿದ್ದರಂತೆ. ಮಹಾಬಳೇಶ್ವರರೂ ನೋಡಿ ಹಾಗೇ ಬಿಟ್ಟಿದ್ದರಂತೆ. ಕೇಳುತ್ತ ಕೇಳುತ್ತ ನೀಲಕ್ಕನಿಗೆ ದುಃಖದ ನಡುವೆಯೇ ಸುಖವಾಯಿತು. ತಾನು ಒಂಟಿಯೆಂದು ಮಲಗಿದ ಆ ವಾರವೆಲ್ಲ ಅವನು ಪಾಳಿಗೆ ಹೋಗಿ ಬರುತ್ತಿದ್ದ.

“ನನಗ ತಿಳೀತೈತಿ ನೀಲಕ್ಕ,” ಎಂದರು ಮಹಾಬಳೇಶ್ವರ. “ಆದ್ರ ಮತ್ತೊಮ್ಮೆ ಹಿಂಗಾತಂದ್ರ ನಿಮ್ಮ ನೌಕರಿ ಉಳಸಾಕ ನನ್ನ ಕೈಲೆ ಆಗೂದಿಲ್ರಿ. ಕಂಪ್ಯೂಟರಿನ್ಯಾಗ ಹೆಸರ ಇನ್ನೂ ಐತೆಂತ ಸುಭಾಷ ಹೇಳಿದ, ಅದನ್ನ ಇವತ್ತ ತಗದ್ ಬಿಡ್ರಿ.”

ಮನೆಯಲ್ಲಿ ಅತ್ತೆ ಗುರುಬಸವ್ವ ಇದ್ದಳು. ಅವಳ ಗಂಜಿಗೂ ಈ ನೌಕರಿಯೇ ಗತಿ.

ಮಹಾಬಳೇಶ್ವರ ಹೋದ ಮೇಲೆ ಸುಭಾಷ ಆಟೋಕರೆಕ್ಟ್ ತೆರೆದು ಆ ಸಾಲಿನ ಮೇಲೆ ಬಾಣ ತಂದು ನಿಲ್ಲಿಸಿದ. ಒತ್ತಲು ಅವನಿಗೂ ಮನಸ್ಸಾಗಲಿಲ್ಲ.

“ಬಾಜೂಕ ಸರೀರಿ, ನಾನ ತಗೀತೇನಿ,” ಎಂದು ನೀಲಕ್ಕ ಮೌಸ್ ತೆಗೆದುಕೊಂಡಳು.

ತೆಗೆದಳು. ಆಮೇಲೆ ಖಾಲಿ ಹಾಳೆಯಲ್ಲಿ ‘ಅವ್ರು’ ಎಂದು ಬರೆದು ಸ್ಪೇಸ್ ಒತ್ತಿ ಕಾದಳು. ಅದು ಹಾಗೇ ಇತ್ತು. ಮತ್ತೆ ಒತ್ತಿದಳು. ಇನ್ನು ಅವನನ್ನು ಕರೆಯುವವರು ಯಾರೂ ಇಲ್ಲ ಅನಿಸಿತು.

“ಶಿವಲಿಂಗ,” ಎಂದಳು.

ದನಿ ತನ್ನದೇ ಅನಿಸಲಿಲ್ಲ. ಇನ್ನೊಮ್ಮೆ ಕರೆದಳು, ತುಸು ಗಟ್ಟಿಯಾಗಿ, ಪಡಸಾಲೆಯಲ್ಲಿ ಕೂತವನನ್ನು ಊಟಕ್ಕೆ ಎಬ್ಬಿಸುವಂತೆ. ಸುಭಾಷ ಬಾಗಿಲ ಕಡೆ ತಿರುಗಿ ನೋಡಿದ. ಆಮೇಲೆ ಎದ್ದು, ಒಳಬರುವವನಿಗೆಂಬಂತೆ ತನ್ನ ಕುರ್ಚಿಯನ್ನು ಪಕ್ಕಕ್ಕೆಳೆದು ದಾರಿ ಬಿಟ್ಟ.