ಕೊನೆಯ ಹಾಳೆ ಇಲ್ಲೇ ಓದತಕ್ಕದ್ದು

ನಮ್ಮ ಬೀದಿಯ ಲೈಬ್ರರಿಗೆ ಸರ್ಕಾರದ ಬೋರ್ಡಿಲ್ಲ, ಸೀಲಿಲ್ಲ, ದಂಡವಂತೂ ಇಲ್ಲವೇ ಇಲ್ಲ. ಇರುವುದು ನಮ್ಮತ್ತೆ ಮತ್ತು ಅವಳ ಬಿಸ್ಕತ್ತಿನ ಡಬ್ಬ. ಬೀದಿಯವರು ಕೊಟ್ಟ ಪ್ರತಿ ಕಾದಂಬರಿಯ ಕೊನೆಯ ಹಾಳೆಯನ್ನು ಅತ್ತೆ ಬ್ಲೇಡಿನಿಂದ ನಾಜೂಕಾಗಿ ಬಿಡಿಸಿ, ಪುಸ್ತಕದ ಹೆಸರು ಬರೆದ ಲಕೋಟೆಗೆ ಹಾಕಿ ಡಬ್ಬದಲ್ಲಿಡುತ್ತಾಳೆ. ಪುಸ್ತಕವನ್ನು ಮನೆಗೆ ಒಯ್ಯಬಹುದು. ಕೊನೆಯ ಹಾಳೆ ಬೇಕೆಂದರೆ ಪುಸ್ತಕ ತಂದೊಪ್ಪಿಸಿ ಅಲ್ಲೇ ಕೂತು ಓದಬೇಕು. ಇದುವರೆಗೆ ಒಂದು ಪುಸ್ತಕವೂ ನಾಪತ್ತೆಯಾಗಿಲ್ಲ. ಸರ್ಕಾರದವರು ಒಮ್ಮೆ ಲೈಬ್ರರಿ ವಹಿಸಿಕೊಳ್ಳಲು ಬಂದಿದ್ದರು. ನಿಮ್ಮ ಕೈಗೆ ಕೊಟ್ಟರೆ ಕೊಲೆಗಾರ ಯಾರೆಂದು ತಿಳಿಯಲೂ ಮೂರು ಸಹಿ ಬೇಕಾದೀತು ಎಂದು ಅತ್ತೆ ಅವರಿಗೆ ಚಹಾ ಕುಡಿಸಿ ಕಳಿಸಿದಳು.

ಅವಳಿಗೆ ತಲೆನೋವಾದದ್ದು ಸ್ವಂತ ಅಣ್ಣ, ನನ್ನ ದೊಡ್ಡಪ್ಪ. ಲೈಬ್ರರಿಯ ಕೋಣೆ ಅವನ ಬೇಕರಿಯ ಹಿಂಭಾಗದ್ದು. ಹಿಟ್ಟಿನ ಮೂಟೆ ಇಡಲು ಜಾಗ ಸಾಲದು, ಭಾನುವಾರ ಕೋಣೆ ಖಾಲಿ ಮಾಡು ಎಂದು ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟ. ಅತ್ತೆ ಊಟ ಬಿಟ್ಟಳು. ನನಗೆ ಬಂದ ಸಿಟ್ಟಿಗೆ ಅವನ ಬ್ರೆಡ್ಡನ್ನು ನನ್ನ ನೆತ್ತಿಯ ಮೇಲೇ ಬೇಯಿಸಬಹುದಿತ್ತು.

ಅಷ್ಟು ಸಾಲದೆಂದು, ಟೇಪು ಹಿಡಿದು ಕೋಣೆ ಅಳೆಯಲು ಬಂದವನ ಮೊಣಕೈ ತಾಗಿ ಡಬ್ಬವೂ ಉರುಳಿತು. ಅತ್ತೆ ಬರುವುದರೊಳಗೆ ಅವನು ಸಿಕ್ಕ ಹಾಳೆಯನ್ನು ಸಿಕ್ಕ ಲಕೋಟೆಗೆ ತುರುಕಿ, ಏನೂ ಅರಿಯದವನಂತೆ ಜಾರಿಕೊಂಡ.

ಮರುದಿನದಿಂದ ಬೀದಿಗೆ ಹುಚ್ಚು ಹಿಡಿಯಿತು. ದರ್ಜಿ ಓದಿದ ಪತ್ತೇದಾರಿ ಕಾದಂಬರಿಯ ಕೊನೆಯಲ್ಲಿ ಅವಳಿಜವಳಿ ಹುಟ್ಟಿದವು. ಹಡೆದದ್ದು ಇನ್‌ಸ್ಪೆಕ್ಟರೇ ಇರಬೇಕೆಂದು ಅವನು ವಾದಕ್ಕೆ ನಿಂತ. ನರ್ಸಕ್ಕನ ಪ್ರೇಮಕಥೆ ನೀರಿನ ಟ್ಯಾಂಕಿನಲ್ಲಿ ಹೆಣ ಸಿಕ್ಕು ಮುಗಿಯಿತು. ತನಗೆ ಮೊದಲಿನಿಂದಲೂ ನಾಯಕನ ತಾಯಿಯ ಮೇಲೇ ಅನುಮಾನವಿತ್ತು ಎಂದಳು ಅವಳು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅತ್ತೆಯೂ ನಕ್ಕಳು, ನನಗೆ ಹೋದ ಜೀವ ಬಂದಂತಾಯಿತು.

ಭಾನುವಾರ ತಂತಮ್ಮ ಅಸಲಿ ಕೊನೆ ಹುಡುಕಲು ಇಡೀ ಬೀದಿಯೇ ಕೋಣೆಗೆ ನುಗ್ಗಿತು. ಅತ್ತೆ ಒಂದೊಂದೇ ಹಾಳೆಯ ಮೊದಲ ಸಾಲು ಓದುವುದು, ಯಾರಾದರೂ ಅದು ನನ್ನದು ಎಂದು ಹಾರಿಬಂದು ಕಿತ್ತುಕೊಳ್ಳುವುದು. ಆಗ ದೊಡ್ಡಪ್ಪ ಬೆನ್ನ ಮೇಲೆ ಮೂಟೆ ಹೊತ್ತು ಬಾಗಿಲಲ್ಲಿ ನಿಂತ, ಹಿಂದೆ ಮೂಟೆ ಹೊತ್ತ ಕೆಲಸದವರು.

ಅತ್ತೆಯ ಕೈಯಲ್ಲಿ ಒಂದೇ ಹಾಳೆ ಉಳಿದಿತ್ತು. ಅದನ್ನು ಯಾರೂ ತನ್ನದೆಂದಿರಲಿಲ್ಲ. ದೊಡ್ಡಪ್ಪ ಮೂಟೆ ಇಳಿಸಿ, ಅಂಗಿಯೊಳಗಿಂದ ಹಿಟ್ಟು ಮೆತ್ತಿದ ಪುಸ್ತಕವೊಂದನ್ನು ಹೊರತೆಗೆದ. ಡಬ್ಬ ಉರುಳಿದಾಗ ಜೊತೆಗೇ ಬಿದ್ದದ್ದಂತೆ. ಒಂದು ಪುಟ ನೋಡೋಣವೆಂದು ಒಯ್ದವನು ಎರಡು ಒಲೆ ಬ್ರೆಡ್ಡು ಸೀಯಿಸಿದ್ದನಂತೆ.

"ಆ ಹಾಳೆ ಕೊಡು," ಎಂದ.

"ಇಲ್ಲೇ ಕೂತು ಓದ್ಬೇಕು," ಎಂದಳು ಅತ್ತೆ.

ಕುರ್ಚಿಗಳೆಲ್ಲ ಭರ್ತಿ. ಅವನು ಮೂಟೆಯ ಮೇಲೇ ಕೂತು ಓದಿದ, ಹಿಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡ.

"ಇದಕ್ಕೆ ಎರಡನೇ ಭಾಗ ಇದ್ಯಾ?"

"ಇದೆ. ನಾಳೆ ಲೈಬ್ರರಿ ಇದ್ರೆ ಬಂದು ತಗೊಂಡು ಹೋಗು."

ದೊಡ್ಡಪ್ಪ ಕೆಲಸದವರತ್ತ ತಿರುಗಿ, ಮೂಟೆಗಳನ್ನೆಲ್ಲ ವಾಪಸ್ ಒಯ್ಯಲು ಹೇಳಿದ. ಒಬ್ಬ ಅವನು ಕೂತಿದ್ದ ಮೂಟೆಗೂ ಕೈ ಹಾಕಿದ.

"ಇದೊಂದು ಇಲ್ಲೇ ಇರ್ಲಿ," ಎಂದ ದೊಡ್ಡಪ್ಪ. "ನಾಳೆಯಿಂದ ಕೂತ್ಕೊಳ್ಳೋಕೆ ಬೇಕು."